ಗಿರಣಿಯಲ್ಲಿ ಹುಟ್ಟಿದವಳು

ಪುಣೆಯ ಕೊಂಢವಾದಲ್ಲಿ ಮರೆಮ್ಮನ ಕೈ ತಾಗಿದ ಕಟ್ಟಡಗಳು ಎಷ್ಟಿವೆಯೋ ಅವಳಿಗೇ ಗೊತ್ತಿಲ್ಲ. ಇಟ್ಟಿಗೆ ಹೊತ್ತಿದ್ದಾಳೆ, ಉಸುಕು ಸಾಣಿಸಿದ್ದಾಳೆ, ಹಾಕಿದ ಸ್ಲ್ಯಾಬಿಗೆ ಬೆಳಿಗ್ಗೆ ಸಂಜೆ ನೀರು ಹೊಡೆದಿದ್ದಾಳೆ. ಗೋಡೆಗೆ ಬಣ್ಣ ಬಂದು, ಗೇಟಿಗೆ ಮಾವಿನ ಎಲೆ ಕಟ್ಟಿ, ಹೊಸ ಮನೆಯವರು ಕಲಶ ಹಿಡಿದು ಒಳಗೆ ಹೋಗುವ ದಿನ ಮಾತ್ರ ಅವಳು ಆ ಕಡೆ ಸುಳಿಯುವುದಿಲ್ಲ. ಕೆಲಸದವರಿಗೆಲ್ಲ ಪೇಢೆ ಹಂಚುತ್ತಾರೆ, ಬಾ ಎಂದರೆ ಗಂಡನನ್ನು ಕಳಿಸುತ್ತಾಳೆ. "ನನಗ ಸಿಹಿ ಆಗಂಗಿಲ್ಲ" ಎನ್ನುತ್ತಾಳೆ. ಅವಳಿಗೆ ಸಿಹಿ ಎಂದರೆ ಜೀವ. ಗಂಡ ಹಣಮಂತ್ರಾಯ ಎರಡು ಪೇಢೆ ಇಸಿದುಕೊಂಡು ಬಂದು ಅವಳ ಮುಂದೆ ಇಡುತ್ತಾನೆ, ಅವಳು ರಸ್ತೆಯ ಈಚೆ ಬದಿಗೆ ಕುಳಿತು ತಿನ್ನುತ್ತಾಳೆ.

ಕಾರಣ ಇಷ್ಟೇ. ಅವಳು ಗಿರಾಣದಾಕಿ.

ಸಿಂಧನೂರಿನ ಕಡೆಯ ಅವಳ ಊರಲ್ಲಿ ಗ್ರಹಣಕ್ಕೆ ಗಿರಾಣ ಎನ್ನುತ್ತಾರೆ. ಗಿರಾಣ ಹಿಡಿಯಿತೆಂದರೆ ಒಲೆ ಆರಿಸಿ, ನೀರಿನ ಕೊಡಕ್ಕೆ ಗರಿಕೆ ಹಾಕಿ, ಬಸುರಿಯನ್ನು ಒಳಗೆ ಕೂಡಿಸಿ ಕದ ಮುಚ್ಚುತ್ತಾರೆ. ಅವಳ ತಾಯಿ ಹುಲಿಗೆಮ್ಮನನ್ನೂ ಹಾಗೆಯೇ ಕೂಡಿಸಿದ್ದರಂತೆ. ಶಿವರಾತ್ರಿ ಮುಗಿದ ಅಮಾವಾಸ್ಯೆ. ಹಗಲು ಹಗಲೇ ಕತ್ತಲಾಯಿತಂತೆ, ಆ ಕತ್ತಲಲ್ಲೇ ಕೂಸು ಬಂತಂತೆ. ಸೂಲಗಿತ್ತಿ ಪಕ್ಕದ ಓಣಿಯವಳು. ಗಿರಾಣ ಬಿಡುವ ತನಕ ಅವಳು ಹೊಸ್ತಿಲು ದಾಟಲಿಲ್ಲ. ದಾಟಿ ಬರುವ ಹೊತ್ತಿಗೆ ಹುಲಿಗೆಮ್ಮನ ಮೈಯಲ್ಲಿ ರಕ್ತ ಉಳಿದಿರಲಿಲ್ಲ. ಮರುದಿನ ಮಣ್ಣು ಮಾಡಿ ಬಂದವರು ಕೂಸಿನ ಮುಖ ನೋಡಿ ಅಂದರು: ಹಗಲನ್ನೂ ನುಂಗಿತು, ಹಡೆದವಳನ್ನೂ ನುಂಗಿತು.

ಈ ಮಾತನ್ನು ಯಾರೂ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವಳು ಎದುರು ಮಾತಾಡುತ್ತಿದ್ದಳೇನೋ. ತಾಯಿಲ್ಲದ ಕೂಸೆಂದು ರೊಟ್ಟಿ ಮುರಿದುಕೊಟ್ಟು, ತಲೆ ಸವರಿ, ಅದೇ ಬಾಯಿಂದ ಹೇಳಿದರು. ಮದುವೆ ಮನೆಯಲ್ಲಿ ಅರಿಶಿಣ ಮುಟ್ಟಬ್ಯಾಡವ್ವ. ಅಕ್ಕಿಕಾಳು ಹಾಕಬ್ಯಾಡವ್ವ. ಹಸಿ ಕೂಸನ್ನ ಎತ್ತಿಕೊಳ್ಳಬ್ಯಾಡವ್ವ, ಹಲ್ಲು ಬರಲಿ. ಹೀಗೆ ಕೇಳಿ ಕೇಳಿ ಅವಳು ದೊಡ್ಡವಳಾಗುವ ಹೊತ್ತಿಗೆ ಯಾರೂ ಹೇಳುವ ಅಗತ್ಯವೇ ಉಳಿಯಲಿಲ್ಲ. ಎಲ್ಲಿ ಒಳ್ಳೆಯದು ನಡೆಯುತ್ತದೋ ಅಲ್ಲಿಂದ ತಾನಾಗಿಯೇ ಒಂದು ಹೆಜ್ಜೆ ಸರಿದು ನಿಲ್ಲುತ್ತಿದ್ದಳು.

ಹಣಮಂತ್ರಾಯನಿಗೆ ಇದ್ಯಾವುದೂ ಲೆಕ್ಕಕ್ಕಿರಲಿಲ್ಲ. "ಗಿರಾಣ ಬಿಟ್ಟು ಎಷ್ಟೋ ವರ್ಷ ಆತು. ನೀ ಇನ್ನೂ ಒಳಗ ಕುಂತೀದಿ" ಎಂದು ನಗುತ್ತಿದ್ದ. ಆದರೆ ಅವನ ತಾಯಿ ಹಾಗಲ್ಲ. ಊರಲ್ಲಿ ಮಗಳು ಶೀತಲ ಹುಟ್ಟಿದಾಗ ಆ ಮುದುಕಿ ಹಾಲು ಕುಡಿಸುವುದಕ್ಕೆ ಮಾತ್ರ ಕೂಸನ್ನು ಸೊಸೆಯ ತೊಡೆಗೆ ಕೊಟ್ಟಳು. ಮೊದಲ ಬಳೆ, ಮೊದಲ ತುತ್ತು, ಕಿವಿ ಚುಚ್ಚಿಸಿದ್ದು, ಎಲ್ಲ ಅಜ್ಜಿಯ ಕೈಯಲ್ಲೇ ಆಯಿತು. ಗಂಡ ಹೆಂಡತಿ ಪುಣೆಗೆ ದುಡಿಯಲು ಬಂದಾಗಲೂ ಮಗು ಅಜ್ಜಿಯ ಹತ್ತಿರವೇ ಉಳಿಯಿತು. ಅಜ್ಜಿ ತೀರಿಕೊಂಡ ಮೇಲೆ ಶೀತಲ ಪುಣೆಗೆ ಬಂದಳು. ಆಗ ಅವಳಿಗೆ ಶಾಲೆಗೆ ಹೋಗುವ ವಯಸ್ಸು. ಮರೆಮ್ಮ ದಿನಾ ಮಗಳ ತಲೆ ಬಾಚುತ್ತಿದ್ದಳು, ಡಬ್ಬಿ ಕಟ್ಟುತ್ತಿದ್ದಳು. ಹಬ್ಬದ ದಿನ ಮಾತ್ರ ಎಣ್ಣೆ ಬಟ್ಟಲು ಕೈಗೆ ಕೊಟ್ಟು ಮಗಳು ಮಾವಶಿ ಎನ್ನುತ್ತಿದ್ದ ಪಕ್ಕದ ಮನೆಯ ಮಾಯಾಳ ಹತ್ತಿರ ಕಳಿಸುತ್ತಿದ್ದಳು.

"ನೀನ ಹಚ್ಚು ಅವ್ವ."

"ಮಾವಶಿ ಚಲೋ ಹಚ್ಚತಾಳ. ಹೋಗು."

ಯಾಕೆ ಎಂದು ಮಗಳಿಗೆ ಹೇಳಲಿಲ್ಲ. ಊರು ಬಿಟ್ಟಾಗ ಆ ಮಾತೂ ಊರಲ್ಲೇ ಉಳಿಯಲಿ, ಬಾಯಿ ಬಿಟ್ಟರೆ ಎಲ್ಲಿ ಮಗಳಿಗೂ ಅಂಟೀತೋ ಎಂಬ ಹೆದರಿಕೆ. ಅವಳ ಲೆಕ್ಕದಲ್ಲಿ ಅದು ಮಗಳನ್ನು ಕಾಯುವ ದಾರಿಯಾಗಿತ್ತು.

ಶೀತಲಳಿಗೆ ಗೊತ್ತಿದ್ದದ್ದು ಬೇರೆಯೇ. ಅಜ್ಜಿ "ನಿಮ್ಮವ್ವ ಗಿರಾಣದಾಗ ಹುಟ್ಟಿದಾಕಿ" ಎನ್ನುತ್ತಿದ್ದದ್ದು ಅವಳ ಕಿವಿಯಲ್ಲಿತ್ತು. ಪುಣೆಗೆ ಬಂದು, ಮರಾಠಿ ಶಾಲೆಗೆ ಹೋಗಿ, ಊರಿನ ಮಾತು ಅರ್ಧ ಮರೆತ ಮೇಲೆ ಆ ಗಿರಾಣ ಅವಳೊಳಗೆ ಗಿರಣಿಯಾಯಿತು. ತನ್ನ ಅವ್ವ ಹಿಟ್ಟಿನ ಗಿರಣಿಯಲ್ಲಿ ಹುಟ್ಟಿದವಳು. ಜೋಳ ಬೀಸಿಸಲು ಹೋದಾಗಲೆಲ್ಲ ಬೆಲ್ಟಿನ ಸದ್ದಿನ ನಡುವೆ ಗೆಳತಿಯರಿಗೆ ಕೂಗಿ ಹೇಳುತ್ತಿದ್ದಳು, ನಮ್ಮವ್ವ ಇಂಥದ್ದರಲ್ಲಿ ಹುಟ್ಟಿದ್ದು ಅಂತ. ಮನೆಗೆ ಬಂದು ಅದನ್ನೇ ಅವ್ವನಿಗೂ ಹೇಳಿದಾಗ ಮರೆಮ್ಮ ಮೊದಲು ಬೆಚ್ಚಿದಳು, ಆಮೇಲೆ ನಕ್ಕಳು. ಗಿರಣಿಯಾದರೆ ಗಿರಣಿ. ಅದರಿಂದ ಯಾರಿಗೂ ಕೇಡಿಲ್ಲ. ತಿದ್ದಲಿಲ್ಲ.

ಹಾಗೆ ತಿದ್ದದೆ ಬಿಟ್ಟದ್ದು ದೊಡ್ಡದಾಗುತ್ತ ಹೋಯಿತು. ಶೀತಲಳ ಮದುವೆಯಲ್ಲಿ ಎಲ್ಲರೂ ಅಕ್ಕಿಕಾಳು ಹಾಕುವಾಗ ಮರೆಮ್ಮ ಅಡುಗೆಯವರ ಹತ್ತಿರ ನಿಂತು ಸಾರಿಗೆ ಉಪ್ಪು ಸಾಲದು ಎನ್ನುತ್ತಿದ್ದಳು. ಮದುವೆಯಾಗಿ ಎರಡನೇ ವರ್ಷ ಶೀತಲಳಿಗೆ ಐದು ತಿಂಗಳ ಬಸಿರು ಇಳಿದುಹೋಯಿತು. ಆಸ್ಪತ್ರೆಯಿಂದ ಫೋನ್ ಮಾಡಿ "ಅವ್ವ ಬಾ" ಎಂದಳು. ಬರೀ ಅಷ್ಟೇ ಅಂದಳು. ಮರೆಮ್ಮ ಗಂಜಿ ಮಾಡಿ ಡಬ್ಬಿಗೆ ಹಾಕಿಕೊಂಡು ಮಾಯಾಳ ಜೊತೆ ಆಸ್ಪತ್ರೆಯ ಗೇಟಿನ ತನಕ ಹೋದಳು. ಒಳಗೆ ಹೆರಿಗೆಯ ವಾರ್ಡು. ಇನ್ನೂ ಎಷ್ಟು ಮಂದಿಯ ಹಸಿ ಕೂಸುಗಳಿವೆಯೋ. ತನ್ನ ಮಗಳಿಗೇ ಹೀಗಾದಾಗ ತಾನು ಒಳಗೆ ಕಾಲಿಟ್ಟರೆ? ಡಬ್ಬಿ ಮಾಯಾಳ ಕೈಗೆ ಕೊಟ್ಟು, ತಾನು ಬಂದದ್ದು ಹೇಳಬೇಡ ಎಂದು ಆಣೆ ಹಾಕಿಸಿಕೊಂಡು ಹಿಂದಕ್ಕೆ ನಡೆದಳು. ಮಾಯಾ ಆಣೆ ಮುರಿಯಲಿಲ್ಲ. ಆ ದೀಪಾವಳಿಗೆ ಶೀತಲ ಮಾಯಾಳಿಗೆ ಒಂದು ಗುಲಾಬಿ ಸೀರೆ ಕೊಟ್ಟಳು. "ಅವತ್ತ ಗಂಜಿ ತಂದ್ಯಲ್ಲ ಮಾವಶಿ, ಅದಕ್ಕ" ಎಂದಳು. ಮರೆಮ್ಮ ಅಲ್ಲೇ ಕುಳಿತು ಕಡಲೆಬೇಳೆ ಆರಿಸುತ್ತಿದ್ದಳು.

ಆಮೇಲೆ ಮಗಳು ಬಾ ಎನ್ನುವುದನ್ನು ಬಿಟ್ಟಳು. ಮತ್ತೆ ಬಸುರಾದಾಗ ಬಾಣಂತನ ತವರಿನಲ್ಲಿ ಆಗಬೇಕಿತ್ತು. ಮರೆಮ್ಮ ಕೆಲಸದ ನೆಪ ಹೇಳಿದಳು. ಹೆಣ್ಣು ಕೂಸು, ಗಟ್ಟಿಮುಟ್ಟಾಗಿತ್ತು, ಗಂಡನ ಮನೆಯಲ್ಲೇ ಬಾಣಂತನ ನಡೆಯಿತು. ಮರೆಮ್ಮ ಕೂಸನ್ನು ನೋಡಿದ್ದು ಬಾಗಿಲಲ್ಲಿ ನಿಂತು.

ತೊಟ್ಟಿಲಿಗೆ ಹಾಕುವ ದಿನ ತಪ್ಪಿಸಿಕೊಳ್ಳಲು ಆಗಲಿಲ್ಲ. ಭಾನುವಾರ, ಸೈಟಿಗೆ ರಜೆ. ಅಳಿಯ ಅವಿನಾಶನ ಮನೆ ಕೊಂಢವಾದ ಆ ತುದಿಗೆ, ಎರಡು ಖೋಲಿಯದು. ಮರೆಮ್ಮ, ಹಣಮಂತ್ರಾಯ, ಗುಲಾಬಿ ಸೀರೆ ಉಟ್ಟ ಮಾಯಾ ಮೂವರೂ ಹೋದರು. ನಡುಮನೆಯಲ್ಲಿ ಸೇವಂತಿಗೆ ಸುತ್ತಿದ ತೊಟ್ಟಿಲು. ಅವಿನಾಶನ ತಾಯಿ ನಾಗವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಬೀಗತಿಯನ್ನು ಕಂಡು "ಬರ್ರಿ, ಭಾಳ ಅಪರೂಪ ಆದ್ರಿ" ಎಂದಳು. ಮರೆಮ್ಮ ಬಾಗಿಲ ಬಳಿಯ ಚಾಪೆಯ ಅಂಚಿಗೆ ಕುಳಿತಳು.

ಎಲ್ಲ ತಯಾರಾಗಿತ್ತು, ಆದರೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ರಂಜನಾ ಬಂದಿರಲಿಲ್ಲ. ಅವಳ ಗಂಡನಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿಂದ ಹೊರಟ ಬಸ್ಸು ವಾಘೋಲಿಯಲ್ಲಿ ಸಿಕ್ಕಿಬಿದ್ದಿದೆ ಎಂದು ಫೋನ್ ಬಂತು. ಹೊತ್ತು ಹೋಗಬೇಕಲ್ಲ. ಅವಿನಾಶ ಮೊಬೈಲು ತೆಗೆದ.

"ಇದರಾಗ ತಾರೀಖು ಹಾಕಿದ್ರ ಅವತ್ತ ದುನಿಯಾದಾಗ ಏನೇನಾತು ಅಂತ ತೋರಿಸ್ತದ" ಎಂದು ಕೂಸು ಹುಟ್ಟಿದ ದಿನ ಹಾಕಿ ನೋಡಿದ. ಎಲ್ಲೋ ಮಳೆ, ಎಲ್ಲೋ ಚುನಾವಣೆ, ಎಲ್ಲೋ ಕ್ರಿಕೆಟ್ಟು.

"ನಿಂದು ನೋಡಪಾ" ಎಂದಳು ನಾಗವ್ವ.

"ನಂದು ಜೂನ್ ಒಂದು. ಸಾಲಿ ಮಾಸ್ತರ ಬರದದ್ದು. ನೀ ಯಾವತ್ತ ಹಡದಿ ಅಂತ ನೀ ಹೇಳಬೇಕು."

"ಜ್ವಾಳ ಕೊಯ್ಯೋ ಸುಗ್ಗ್ಯಾಗ. ಅದನ್ನ ಹಾಕು."

"ಸುಗ್ಗಿ ಹಾಕಿದ್ರ ಮೊಬೈಲಿಗೆ ತಿಳ್ಯಂಗಿಲ್ಲಬೇ."

ಹಣಮಂತ್ರಾಯ ಗಂಟಲು ಸರಿಮಾಡಿಕೊಂಡ. "ನಂದು ಹಾಕ್ರಿ ಅಳಿಯಾರ. ಒಂದು ಜನವರಿ. ಆಧಾರದಾಗ ಅದ. ನಮ್ಮ ಓಣಿ ಮಂದಿ ಅಷ್ಟೂ ಅವತ್ತ ಹುಟ್ಯಾರ."

"ಅದಕ್ಕ ನೋಡ್ರಿ ಮಾವ, ನೀವು ಹುಟ್ಟಿದ್ದಕ್ಕ ಇಡೀ ದುನಿಯಾ ಪಟಾಕಿ ಹೊಡಿತದ."

ಎಲ್ಲರೂ ನಕ್ಕರು. ಶೀತಲ ಚಹಾದ ತಟ್ಟೆ ಹಿಡಿದು ಬರುತ್ತ, "ಅವ್ವಂದೂ ಅದ, ಒಂದು ಜನವರಿ. ದಿನ ಗೊತ್ತಿಲ್ಲಂದ್ರೂ ಅವ್ವ ಹುಟ್ಟಿದ ಜಾಗಾ ಗೊತ್ತದ. ಗಿರಣ್ಯಾಗ" ಎಂದಳು.

ನಾಗವ್ವ ಕಣ್ಣರಳಿಸಿದಳು. "ಹೌದೇನ್ರಿ ಬೀಗತಿ? ಅದಕ್ಕ ಇಷ್ಟು ಸಣ್ಣಗ ಬೀಸಿದಂಗ ಇದ್ದೀರಿ."

ನಗು ಮತ್ತೆ ಎದ್ದಿತು. ಮರೆಮ್ಮನೂ ಬೇರೆ ದಿನದ ಹಾಗೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮಗಳು ನಗುತ್ತಲೇ ತಟ್ಟೆಯನ್ನು ತನ್ನ ಮುಂದೆ ಹಿಡಿದು, ಮುಖ ನೋಡದೆ ಮುಂದೆ ಹೋದದ್ದು ಅವಳಿಗೆ ಎಲ್ಲೋ ತಾಗಿತು.

"ಗಿರಣಿ ಅಲ್ಲ" ಎಂದಳು ಮೆಲ್ಲಗೆ. "ಗಿರಾಣ."

ಅವಿನಾಶನಿಗೂ ಶೀತಲಳಿಗೂ ಏನೂ ಅನ್ನಿಸಲಿಲ್ಲ. ಆದರೆ ನಾಗವ್ವ ಜೇವರ್ಗಿ ಕಡೆಯವಳು, ಗಿರಾಣ ಎಂದರೇನೆಂದು ಬಲ್ಲವಳು. ಅವಳ ನಗು ಅರ್ಧಕ್ಕೆ ನಿಂತಿತು, ಕೈ ತಾನಾಗಿಯೇ ಸೆರಗು ಎಳೆದು ಕೂಸಿನ ಮುಖ ಮುಚ್ಚಿತು. ಮರೆಮ್ಮ ಅದನ್ನು ನೋಡಿದಳು. ಬೇಸರವಾಗಲಿಲ್ಲ. ಅದು ಹಾಗೆಯೇ ಆಗಬೇಕಾದದ್ದು ಎಂಬಂತೆ ಚಾಪೆಯಿಂದ ಇನ್ನೊಂದಿಷ್ಟು ಹಿಂದೆ ಸರಿದಳು.

"ಗ್ರಹಣ ಏನ್ರಿ ಅತ್ತಿ? ಹಂಗಿದ್ರ ಇದು ಹುಡುಕಿ ಕೊಡ್ತದ" ಎಂದ ಅವಿನಾಶ. "ಯಾವ ವರ್ಷ?"

"ವರ್ಷ ಗೊತ್ತಿಲ್ರಿ. ಶಿವರಾತ್ರಿ ಅಮವಾಸಿ. ಹಗಲಽ ಕತ್ತಲಾಗಿತ್ತಂತ."

ಅವನು ಬೆರಳಾಡಿಸುತ್ತ ಹೋದ. ಸಿಕ್ಕಿತು ಎಂದ. "ಹತ್ತೊಂಬತ್ತನೂರ ಎಂಬತ್ತು, ಫೆಬ್ರವರಿ ಹದಿನಾರು. ಶನಿವಾರ. ಅತ್ತಿ, ನಿಮಗ ಖರೇ ಹುಟ್ಟಿದ ದಿನ ಸಿಕ್ತು." ಆಮೇಲೆ ಓದಿ ಓದಿ ಹೇಳತೊಡಗಿದ. ಚಂದ್ರನ ನೆರಳು ಆಫ್ರಿಕಾ ದಾಟಿ, ಸಮುದ್ರ ದಾಟಿ, ಕಾರವಾರದ ಕಡೆ ದಡ ಹತ್ತಿ, ರಾಯಚೂರು ಸೀಮೆಯ ಮೇಲೆ ಹಾಯ್ದು ಹೋಗಿತ್ತು. ಮಧ್ಯಾಹ್ನ ಇಳಿಯುವ ಹೊತ್ತು. "ಪೂರಾ ಕತ್ತಲಾದದ್ದು ಎರಡು ಮೂರು ನಿಮಿಷ."

ಮರೆಮ್ಮ ಚಹಾದ ಕಪ್ಪು ಕೆಳಗಿಟ್ಟಳು. "ಇನ್ನೊಮ್ಮೆ ಓದ್ರಿ."

"ಎರಡು ಮೂರು ನಿಮಿಷ."

"ಇಡೀ ಹಗಲ ಅಲ್ಲೇನ್ರಿ?"

"ಅಲ್ರಿ. ಅದಕ್ಕ ಮೊದಲ, ಆಮ್ಯಾಲ, ಒಂದೊಂದು ತಾಸು ಸೂರ್ಯನ ಕಡದಂಗ ಕಾಣ್ತದ ಅಷ್ಟ. ಬೆಳಕ ಇರ್ತದ." ಅವನು ಮೊಬೈಲು ಅವಳ ಮುಂದೆ ಹಿಡಿದ. "ಇಲ್ಲಿ ನೋಡ್ರಿ, ನಿಮ್ಮ ಸಿಂಧನೂರ ಕಡೀಗೂ ದೊಡ್ಡ ದೊಡ್ಡ ದುರ್ಬೀನು ಹೊತಗೊಂಡು ವಿಜ್ಞಾನಿಗಳು ಬಂದಿದ್ರಂತ. ಬ್ಯಾರೆ ದೇಶದ ಮಂದೀನೂ ನಮ್ಮ ದೇಶಕ್ಕ ಬಂದಿದ್ರು."

"ಎದಕ್ಕ?"

"ನೋಡಾಕ."

"ಗಿರಾಣ ನೋಡಾಕ?"

"ಹೌದ್ರಿ. ಅಂಥಾದ್ದು ನೋಡಾಕ ಸಿಗಬೇಕಂದ್ರ ಪುಣ್ಯ ಬೇಕಂತ ತಿಳಕೊಂಡು ಬರ್ತಾರ."

ಎರಡು ಮೂರು ನಿಮಿಷ ಎಂದರೆ ಎಷ್ಟು ಎಂಬುದು ಮರೆಮ್ಮನಿಗೆ ಗೊತ್ತು. ಒಂದು ಬುಟ್ಟಿ ಕಾಂಕ್ರೀಟನ್ನು ಎರಡನೇ ಮಾಳಿಗೆಗೆ ಮುಟ್ಟಿಸುವಷ್ಟು. ಅವಳು ತನ್ನ ಮನಸ್ಸಿನೊಳಗೆ ಕಟ್ಟಿಕೊಂಡಿದ್ದ ಕತ್ತಲು ಹಾಗಿರಲಿಲ್ಲ. ಅದು ಬೆಳಗಿನಿಂದ ಸಂಜೆಯ ತನಕ ಊರ ಮೇಲೆ ಕೂತಿತ್ತು, ಕೈ ಮುಂದೆ ಚಾಚಿದರೆ ಕೈ ಕಾಣದಷ್ಟು ದಪ್ಪವಾಗಿತ್ತು. ಅಂಥ ಕತ್ತಲಲ್ಲಿ ಸೂಲಗಿತ್ತಿ ಬರಲಾರದೆ ಹೋದಳು, ಪಾಪ, ಯಾರಿಗಾದರೂ ಹೇಗೆ ಬರಲು ಬಂದೀತು ಎಂದೇ ತಿಳಿದಿದ್ದಳು. ಈಗ ನೋಡಿದರೆ ಹೊರಗೆ ಬೆಳಕಿತ್ತು. ಅದೇ ಸೀಮೆಯ ಯಾವುದೋ ಹೊಲದಲ್ಲಿ ಜನ ಮುಖ ಎತ್ತಿ ನಿಂತಿದ್ದರು. ಮುಚ್ಚಿದ್ದು ಮನೆಯ ಬಾಗಿಲು ಮಾತ್ರ.

"ಬೆಳಕ ಇತ್ತಂದ್ರ" ಎಂದಳು, "ಒಂದು ಓಣಿಯಿಂದ ಇನ್ನೊಂದು ಓಣಿಗೆ ಯಾರರ ನಡಕೋತ ಬರಬಹುದಿತ್ತೇನ್ರಿ?"

ಅವಿನಾಶನಿಗೆ ಪ್ರಶ್ನೆ ವಿಚಿತ್ರವೆನಿಸಿತು. "ಬರಬಹುದಿತ್ತಲ್ರಿ. ಯಾಕ?"

"ಏನಿಲ್ರಿ. ಸುಮ್ಮ ಕೇಳಿದೆ."

ಹಣಮಂತ್ರಾಯ ಗೋಡೆ ನೋಡುತ್ತಿದ್ದ. ಶೀತಲ ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ನಾಗವ್ವನ ಸೆರಗನ್ನೂ ಅವ್ವ ಹಿಂದೆ ಸರಿದದ್ದನ್ನೂ ಅವಳು ಈಗ ಒಂದರ ಪಕ್ಕ ಒಂದು ಇಟ್ಟು ನೋಡುತ್ತಿದ್ದಳು. ತಂದೆಯನ್ನು ಅಡುಗೆಮನೆಗೆ ಕರೆದು ಏನೋ ಕೇಳಿದಳು. ಅವನು ದೊಡ್ಡ ದನಿಯವನು, ಪಿಸುಗುಟ್ಟಿದರೂ ಹೊರಗೆ ಕೇಳುತ್ತದೆ. "ನಮ್ಮವ್ವನ ಕಲಿಸಿದ್ದು. ಕೂಸಿಗೆ ಆಗಂಗಿಲ್ಲ ಅಂತ. ನಾ ಬ್ಯಾಡ ಅಂತ ಎಷ್ಟ ಸಲ ಹೇಳೀನಿ" ಎಂದ.

ಅಷ್ಟರಲ್ಲಿ ರಂಜನಾ ಬಂದಳು, ಬೆವರು ಒರೆಸಿಕೊಳ್ಳುತ್ತ, ಬಸ್ಸನ್ನು ಬೈಯುತ್ತ. ಹೆಂಗಸರು ತೊಟ್ಟಿಲ ಎರಡೂ ಬದಿಗೆ ಎದ್ದು ನಿಂತರು. ಕೂಸನ್ನು ತೊಟ್ಟಿಲ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಈ ಕಡೆಯವರು ಆ ಕಡೆಯವರಿಗೆ ದಾಟಿಸಬೇಕು. ಆಮೇಲೆ ಮಲಗಿಸಿ ಹೆಸರು. ಆ ಕಡೆ ನಾಗವ್ವ, ರಂಜನಾ. ಈ ಕಡೆ ಮಾಯಾ ಒಬ್ಬಳೇ.

"ಅವ್ವ, ಈ ಕಡಿ ಬಾ" ಎಂದಳು ಶೀತಲ.

"ಬೀಗತಿ ಕುಂಡ್ರಲಿ ಬಿಡು, ಕಾಲು ನೋಯ್ತಿರಬೇಕು" ಎಂದಳು ನಾಗವ್ವ. ದನಿಯಲ್ಲಿ ಗಡಸಿರಲಿಲ್ಲ. ಮರೆಮ್ಮನಿಗೆ ಆ ದನಿ ಚಿಕ್ಕಂದಿನಿಂದ ಪರಿಚಯ.

"ಅವ್ವ ನಿಂದರ್ತಾಳ್ರಿ ಅತ್ತಿ."

ನಾಗವ್ವ ಕೂಸಿನ ಟೋಪಿ ಸರಿಮಾಡಿದಳು, ಮಗನ ಮುಖ ನೋಡಿದಳು, ಕೊನೆಗೆ "ಕೈ ತೊಳಕೊಂಡು ಬರ್ಲಿ" ಎಂದಳು.

ಮರೆಮ್ಮ ಕೈ ತೊಳೆದಳು. ಉಗುರಿನ ಸಂದಿನ ಸಿಮೆಂಟು ಎಷ್ಟು ತಿಕ್ಕಿದರೂ ಹೋಗುವಂಥದ್ದಲ್ಲ. ಬಂದು ನಿಂತಳು. ತೊಟ್ಟಿಲ ಕೆಳಗಿನಿಂದ ಕೂಸು ಅವಳ ಕೈಗೆ ಬಂತು. ಇಷ್ಟು ಹಗುರವಾದದ್ದನ್ನು ಅವಳು ಎಂದೂ ಹೊತ್ತಿರಲಿಲ್ಲ. ಅದು ಕಣ್ಣು ತೆರೆದು ಅವಳ ಗಲ್ಲದ ಕಡೆ ಎಲ್ಲೋ ನೋಡಿ ಆಕಳಿಸಿತು. ಕೇಡಿನ ಗುರುತು ಏನಾದರೂ ಆಗಬಹುದೆಂದು ಅವಳ ಮೈಯೆಲ್ಲ ಕಾಯುತ್ತಿತ್ತು. ಏನೂ ಆಗಲಿಲ್ಲ.

"ಕೊಡ್ರಿ ಬೀಗತಿ" ಎಂದಳು ನಾಗವ್ವ. "ಹಿಡಕೊಂಡ ನಿಂತ್ರ ಹೆಸರಿಡೋದು ಯಾವಾಗ?"

ಕೊಟ್ಟಳು. ರಂಜನಾ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು: ಪೂರ್ವಾ.

ಊಟವಾದ ಮೇಲೆ ಹಿಂದಿನ ಮೋರಿಯ ಹತ್ತಿರ ಮರೆಮ್ಮ ಪಾತ್ರೆಗೆ ಕೂತಳು. ಶೀತಲ ಬಂದು ಬಾಗಿಲಿಗೆ ಒರಗಿದಳು.

"ನನ್ನ ಮದವಿ ದಿನ ಅಡಗಿಯವರ ಕಡೆ ನಿಂತಿದ್ದಿ. ಅದಕ್ಕೇನ?"

"ಹೂಂ."

"ಬಾಣಂತನ ಆಗಂಗಿಲ್ಲ ಅಂದಿ. ಅದೂ?"

"ಹೂಂ."

"ದವಾಖಾನಿಗೆ ಬರಲಿಲ್ಲ."

ಮರೆಮ್ಮ ಬೋಗುಣಿ ತಿಕ್ಕುತ್ತಿದ್ದ ಕೈ ನಿಲ್ಲಿಸಿದಳು.

"ಇಡೀ ವಾರ್ಡಿನಾಗ ಎಲ್ಲಾರ ಅವ್ವಂದಿರೂ ಇದ್ರು. ಮಾಯಾ ಮಾವಶಿ ಗಂಜಿ ತಂದ್ಳು. ಕುಡಕೋತ ಅಂದಕೊಂಡೆ, ನಾ ನಮ್ಮವ್ವಗ ಬ್ಯಾಡಾದಾಕಿ, ಸಣ್ಣಾಕಿದ್ದಾಗಿಂದನೂ ಬ್ಯಾಡಾದಾಕಿ ಅಂತ. ಒಂದ ಮಾತ ಹೇಳಿದ್ರ ಏನಾಗ್ತಿತ್ತು ಅವ್ವ? ನಾ ನಕ್ಕು ಬಿಡ್ತಿದ್ದೆ. ಕೈ ಹಿಡದು ಒಳಗ ಎಳಕೋತಿದ್ದೆ."

ಆ ಗಂಜಿ ನನ್ನದು ಎನ್ನಬಹುದಿತ್ತು. ಮಾತು ನಾಲಿಗೆಯ ತನಕ ಬಂದಿತ್ತು. ಆದರೆ ಒಳಗೆ ಮಾಯಾ ಗುಲಾಬಿ ಸೀರೆಯ ನೆರಿಗೆ ಹರಡಿಕೊಂಡು ಕುಳಿತಿದ್ದಳು. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಗೇಟಿನ ತನಕ ಬಂದಿದ್ದೆ ಎಂದರೆ ಶೀತಲ ಕೇಳುವುದು ಒಂದೇ, ಒಳಗೆ ಯಾಕೆ ಬರಲಿಲ್ಲ? ಇವತ್ತು ಬೆಳಿಗ್ಗೆಯ ತನಕ ಅದಕ್ಕೊಂದು ಉತ್ತರವಿತ್ತು. ಈಗ ಆ ಉತ್ತರ ಎರಡು ಮೂರು ನಿಮಿಷದ್ದಾಗಿ ಹೋಗಿತ್ತು.

"ತಿಳೀಲಿಲ್ಲವ್ವ" ಎಂದಳು.

ಶೀತಲ ಬಾಗಿಲು ಬಿಟ್ಟು ನೆಟ್ಟಗೆ ನಿಂತಳು. ಒಳಗೆ ಕೂಸು ಅತ್ತಿತು. "ನಾಳಿಂದ ಕೂಸಿಗೆ ನೀರು ಎರಿಯಾಕ ಬಾ. ಅತ್ತಿಗೆ ಸೊಂಟ ನೋವದ" ಎಂದು, ಬರುತ್ತೀಯೋ ಇಲ್ಲವೋ ಎಂದು ಕೇಳದೆ ಒಳಗೆ ಹೋದಳು.

ಗಂಡ ಹೆಂಡತಿ ನಡೆದುಕೊಂಡೇ ಮನೆಗೆ ಹೊರಟರು. ಮಾಯಾ ಮುಂದೆ ಮುಂದೆ ಹೋಗುತ್ತಿದ್ದಳು. ಬಿಸಿಲು ಇನ್ನೂ ಜೋರಾಗಿತ್ತು. ತಿರುವಿನಲ್ಲಿ ಹಿಟ್ಟಿನ ಗಿರಣಿ ನಡೆದಿತ್ತು, ಭಾನುವಾರದ ಗಿರಾಕಿಗಳ ಡಬ್ಬಿಗಳು ಸಾಲಾಗಿದ್ದವು. ಮರೆಮ್ಮ ಅದರ ಮುಂದೆ ನಿಂತಳು. ಸಣ್ಣ ಶೀತಲ ಗೆಳತಿಯರನ್ನು ಕಟ್ಟಿಕೊಂಡು ಬೆಲ್ಟಿನ ಸದ್ದಿಗಿಂತ ದೊಡ್ಡದಾಗಿ ಕೂಗುತ್ತಿದ್ದದ್ದು ಇಲ್ಲಿಯೇ. ಹೇಳುವಾಗ ಅವಳ ಮುಖದಲ್ಲಿ ಎಂಥ ಜಂಬವಿರುತ್ತಿತ್ತು.

"ಏನು ನಿಂತಿ?" ಎಂದ ಹಣಮಂತ್ರಾಯ.

"ಇದರಾಗ ಹುಟ್ಟಿದ್ರ ಚಲೋ ಇತ್ತು" ಎಂದಳು ಮರೆಮ್ಮ.

ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ ತಾನೂ ಪಕ್ಕಕ್ಕೆ ಬಂದು ನಿಂತ.